ಒಲೆ ಹಚ್ಚದ ತೋಫು: ಪ್ರಾಕ್ಟಿಕಲ್‌ಗೆ ಮುನ್ನ ಒಮ್ಮೆ ಓದಿಕೊಳ್ಳಿ

'ಬೆಂಕಿಯಿಲ್ಲದ ಅಡುಗೆ' ಅಂದಕೂಡಲೇ ನಮ್ಮ ಕ್ಲಾಸಿನ ಮುಕ್ಕಾಲು ಪಾಲು ಜನ ಬರೆದುಕೊಡುವುದು ಭೇಲ್‌ಪುರಿ, ಸ್ಯಾಂಡ್‌ವಿಚ್, ಹೆಸರುಬೇಳೆ ಕೋಸಂಬರಿ. ಕಳೆದ ಸೆಮಿಸ್ಟರ್‌ನಲ್ಲಿ ನಾನು ಸ್ವಲ್ಪ ಜಂಬಕ್ಕೆ ಬಿದ್ದು ಜಪಾನಿನ ತಣ್ಣನೆಯ ತೋಫು, ಅಂದರೆ ಹೆಪ್ಪುಗಟ್ಟಿಸಿದ ಸೋಯಾ ಹಾಲಿನ ತಿನಿಸು, ಮಾಡುತ್ತೇನೆ ಎಂದು ಬರೆದುಕೊಟ್ಟೆ. ಹೆಸರು ಹಿಯಾಯಕ್ಕೊ. ಪ್ಯಾಕೆಟ್ ಕತ್ತರಿಸು, ತಟ್ಟೆಗೆ ಹಾಕು, ಮೇಲೆ ಸೋಯಾ ಸಾಸ್ ಸುರಿ, ಐದು ನಿಮಿಷದಲ್ಲಿ ಮುಗಿಯಿತು. ಮೇಡಂ ನನ್ನ ಟೇಬಲ್ಲಿಗೆ ಬರುವಷ್ಟರಲ್ಲಿ ಕಾಲು ಗಂಟೆ ಆಗಿತ್ತು. ಅವರು ತಟ್ಟೆಯನ್ನು ಎತ್ತಿ ಒಂದು ಪಕ್ಕಕ್ಕೆ ವಾಲಿಸಿದರು. ಚಹಾದ ಬಣ್ಣದ ನೀರು ಅಂಚಿಗೆ ಬಂದು ನಿಂತಿತು. "ಇದೇನಮ್ಮ, ತಿಳಿಸಾರಾ?" ಎಂದರು. ಪಕ್ಕದ ಟೇಬಲ್ಲಿನವರು ನಕ್ಕರು. ಹತ್ತಕ್ಕೆ ನಾಲ್ಕು ಅಂಕ.

ಆಮೇಲೆ ಪಿಜಿಯಲ್ಲಿ ಏಳೆಂಟು ಸಲ ಮಾಡಿ ನೋಡಿದೆ. ನಮ್ಮ ಪಿಜಿಯಲ್ಲಿ ರೂಮಿಗೆ ಒಲೆ ಇಲ್ಲ, ಇಂಡಕ್ಷನ್ ಇಟ್ಟುಕೊಂಡರೆ ದಂಡ, ಹಾಗಾಗಿ ಈ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಈ ಸಲ ಇದೇ ತಿನಿಸು ಆರಿಸಿಕೊಂಡಿರುವ ಜೂನಿಯರ್‌ಗಳು ಮೂವರಿದ್ದೀರಿ. ನಿಮಗಾಗಿ ಬರೆದಿಟ್ಟ ಟಿಪ್ಪಣಿ ಇದು. ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಕೇಳಿದರೆ, ಇದು ಸಾಸಿನ ತಿನಿಸಲ್ಲ, ನೀರಿನ ಲೆಕ್ಕದ ತಿನಿಸು.

ವೈವಾದಲ್ಲಿ ಮೊದಲು ಕೇಳುವ ಪ್ರಶ್ನೆ

"ಹಸಿ ತೋಫು ತಿನ್ನಬಹುದಾ?" ಎಂದು ಕೇಳಿಯೇ ಕೇಳುತ್ತಾರೆ. ತೋಫು ಹಸಿಯಲ್ಲ. ಒಲೆ ಹಚ್ಚದಿರುವುದು ನಾವು, ಕಾರ್ಖಾನೆಯವರು ಹಚ್ಚಿ ಆಗಿದೆ. ಸೋಯಾ ಅವರೆಯನ್ನು ನೆನೆಸಿ, ರುಬ್ಬಿ, ಹಾಲು ತೆಗೆದು, ಅದನ್ನು ಕುದಿಸಿದ ಮೇಲೆಯೇ ಹೆಪ್ಪುಗಟ್ಟಿಸುತ್ತಾರೆ. ಕುದಿಸದೆ ಬಿಡುವಂತೆಯೂ ಇಲ್ಲ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಇನ್‌ಹಿಬಿಟರ್ ಎಂಬ ಪ್ರೋಟೀನ್ ಇರುತ್ತದೆ. ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಅರಗಿಸುವ ಕಿಣ್ವಕ್ಕೇ ಅದು ಅಡ್ಡಗಾಲು ಹಾಕುತ್ತದೆ, ಬಿಸಿ ತಗುಲಿದರೆ ಬಹುಮಟ್ಟಿಗೆ ಅಡಗುತ್ತದೆ.

ಎರಡನೆಯ ಪ್ರಶ್ನೆ ಪನೀರಿಗೂ ತೋಫುವಿಗೂ ಏನು ವ್ಯತ್ಯಾಸ ಎಂಬುದು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ತೋಫು ಮಾರಾಟವಾಗುವುದೇ 'ಸೋಯಾ ಪನೀರ್' ಎಂಬ ಹೆಸರಿನಲ್ಲಿ. ನಾನು ಮೊದಲ ಸಲ ಕೇಳಿದಾಗ ಅಂಗಡಿಯ ಹುಡುಗ ಹಾಲಿನ ಪನೀರನ್ನೇ ಕೈಗಿತ್ತು "ಎರಡೂ ಒಂದೇ ಅಕ್ಕ" ಅಂದ. ಒಂದೇ ಅಲ್ಲ. ಪನೀರು ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದ್ದು. ತೋಫುವಿಗೆ ಸಾಮಾನ್ಯವಾಗಿ ಬಳಸುವುದು ಲವಣ: ಒಂದೋ ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ನಿಗಾರಿ, ಅದರಲ್ಲಿ ಮುಖ್ಯವಾಗಿರುವುದು ಮೆಗ್ನೀಶಿಯಂ ಕ್ಲೋರೈಡ್, ಇಲ್ಲವೇ ಜಿಪ್ಸಂ, ಅಂದರೆ ಕ್ಯಾಲ್ಶಿಯಂ ಸಲ್ಫೇಟ್. ಜಿಪ್ಸಂ ಹಾಕಿದ ತೋಫುವಿನಲ್ಲಿ ಕ್ಯಾಲ್ಶಿಯಂ ಹೆಚ್ಚು ಸಿಗುವುದು ಇದೇ ಕಾರಣಕ್ಕೆ.

ನಮಗೆ ಬೇಕಾದ ರೇಷ್ಮೆ ತೋಫುವಿನ ದಾರಿ ಸ್ವಲ್ಪ ಬೇರೆ. ಪ್ಯಾಕೆಟ್ ಮೇಲೆ 'ಸಿಲ್ಕನ್' ಎಂದು ಇರುತ್ತದೆ. ಇದರಲ್ಲಿ ಹಾಲು ಒಡೆಸಿ, ನೀರು ಬಸಿದು, ಒತ್ತುವ ಕೆಲಸವೇ ಇಲ್ಲ. ಗಟ್ಟಿ ಸೋಯಾ ಹಾಲಿಗೆ ಗ್ಲುಕೋನೊ ಡೆಲ್ಟಾ ಲ್ಯಾಕ್ಟೋನ್ ಬೆರೆಸಿ, ಡಬ್ಬಿಗೆ ತುಂಬಿ, ಮುಚ್ಚಿ ಬಿಸಿ ಮಾಡುತ್ತಾರೆ. ಅದು ನಿಧಾನವಾಗಿ ಗ್ಲುಕೋನಿಕ್ ಆಮ್ಲವಾಗಿ ಬದಲಾಗುತ್ತಾ ಇಡೀ ಹಾಲನ್ನು ಒಟ್ಟಿಗೆ ಹಿಡಿದಿಡುತ್ತದೆ. ಊರಲ್ಲಿ ಗಿಣ್ಣು ತಿಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಒಂದು ಹನಿಯೂ ಹೊರಗೆ ಹೋಗದೆ, ಹಾಲು ಹಾಲಾಗಿದ್ದ ಜಾಗದಲ್ಲೇ ಗಟ್ಟಿಯಾದದ್ದು. ಅದಕ್ಕೇ ಇದರಲ್ಲಿ ಹತ್ತಿರ ಹತ್ತಿರ ನೂರಕ್ಕೆ ತೊಂಬತ್ತು ಭಾಗ ನೀರು. ನನ್ನ ನಾಲ್ಕು ಅಂಕದ ಕಥೆ ಶುರುವಾಗುವುದು ಇಲ್ಲೇ.

ನೀರು ಎಲ್ಲಿಂದ ಬಂತು

ಲ್ಯಾಬಿನ ತಕ್ಕಡಿಯಲ್ಲಿ ಇಟ್ಟು ನೋಡಿದೆ. 300 ಗ್ರಾಂ ಇದ್ದ ತುಂಡನ್ನು ಚೌಕ ಚೌಕವಾಗಿ ಕತ್ತರಿಸಿ ತಟ್ಟೆಯಲ್ಲಿ ಬಿಟ್ಟರೆ ಕಾಲು ಗಂಟೆಯಲ್ಲಿ ಇಳಿದ ನೀರು 22 ಗ್ರಾಂ. ನಾನು ಮೇಲೆ ಹಾಕುವ ಸಾಸಿನ ಮಿಶ್ರಣ ಒಟ್ಟು 30 ಮಿಲಿಲೀಟರ್ ಕೂಡ ಇರುವುದಿಲ್ಲ. ಅಂದರೆ ರುಚಿ ನೋಡಿ ಹದ ಮಾಡಿದ ಸಾಸಿಗೆ, ಯಾರೂ ಕೇಳದೆಯೇ, ಅದರ ಮುಕ್ಕಾಲು ಪಾಲಿನಷ್ಟು ನೀರು ಬೆರೆತುಹೋಗುತ್ತದೆ. ಮೇಡಂ ಅದನ್ನು ತಿಳಿಸಾರು ಅಂದದ್ದರಲ್ಲಿ ತಪ್ಪೇನಿದೆ?

ಕೋಸಂಬರಿ ಮಾಡುವಾಗ ಅಮ್ಮಂದಿರು ಉಪ್ಪನ್ನು ಕಡೆಗೆ, ಬಡಿಸುವ ಹೊತ್ತಿಗೆ ಹಾಕುವುದು ನೆನಪಿದೆಯಲ್ಲ? ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಪಾತ್ರೆಯ ತಳ ಕೆರೆಯಾಗುತ್ತದೆ. ಇಲ್ಲೂ ಬುದ್ಧಿ ಅದೇ, ಆದರೆ ಕಾರಣ ಬೇರೆ. ಎರಡನ್ನೂ ಒಂದೇ ಎಂದು ಉತ್ತರದಲ್ಲಿ ಬರೆದು ಅಂಕ ಕಳೆದುಕೊಂಡವರಿದ್ದಾರೆ. ಸೌತೆಕಾಯಿಯಲ್ಲಿ ಜೀವಕೋಶಗಳಿವೆ, ಪೊರೆ ಇದೆ. ಉಪ್ಪಿನ ಕಡೆಗೆ ಪೊರೆ ದಾಟಿ ನೀರು ಬರುವುದು ಅಭಿಸರಣೆ. ತೋಫುವಿನಲ್ಲಿ ಹಾಗೆ ನೀರು ಹಿಡಿದಿಟ್ಟ ಜೀವಂತ ಕೋಶ ಎಲ್ಲಿದೆ? ಅಲ್ಲಿರುವುದು ಪ್ರೋಟೀನಿನ ಒಂದು ಬಲೆ, ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ನೀರು. ಚಾಕು ಬಿದ್ದ ಕಡೆ ಬಲೆ ಹರಿಯುತ್ತದೆ, ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ, ನೀರು ಸೋರುತ್ತದೆ. ಇದಕ್ಕೆ ಸಿನರಿಸಿಸ್ ಎನ್ನುತ್ತಾರೆ. ಗಟ್ಟಿ ಮೊಸರಿನ ಪಾತ್ರೆಯಿಂದ ಒಂದು ಸೌಟು ತೆಗೆದು ಫ್ರಿಜ್ಜಿನಲ್ಲಿಡಿ. ಮರುದಿನ ಆ ಗುಂಡಿಯಲ್ಲಿ ತುಂಬಿರುವ ತಿಳಿನೀರು ಇದೇ.

ಹಾಗಾದರೆ ಏನು ಮಾಡಬೇಕು? ನೀರನ್ನು ತಡೆಯಲು ಹೋಗಬೇಡಿ, ಮೊದಲೇ ಬಿಡಿಸಿಬಿಡಿ. ಪ್ಯಾಕೆಟ್ಟಿನಿಂದ ತೆಗೆದ ತೋಫುವನ್ನು ತಟ್ಟೆಯಲ್ಲಿಟ್ಟು, ತಟ್ಟೆಯ ಒಂದು ಅಂಚಿನ ಕೆಳಗೆ ಚಮಚ ಸಿಕ್ಕಿಸಿ ಓರೆಯಾಗಿಸಿ, ಹಾಗೇ ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಬಿಡಿ. ಇಳಿದ ನೀರು ಚೆಲ್ಲಿ, ಮೇಲ್ಮೈಯನ್ನು ಒಗೆದ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಉಜ್ಜಬೇಡಿ, ಒತ್ತಿ ಅಷ್ಟೇ. ಕತ್ತರಿಸುವುದು ಇದಾದ ಮೇಲೆ. ಸಾಸು ಹಾಕುವುದು ಮೇಡಂ ಹಿಂದಿನ ಟೇಬಲ್ಲಿನಲ್ಲಿದ್ದಾಗ.

ಪ್ಯಾಕೆಟ್ಟಿನಿಂದ ಮುರಿಯದೆ ತೆಗೆಯುವುದಕ್ಕೂ ಒಂದು ಉಪಾಯ ಇದೆ. ಡಬ್ಬಿಯ ಒಂದು ತುದಿ ಪೂರ್ತಿ ಕತ್ತರಿಸಿ, ತಟ್ಟೆಯ ಮೇಲೆ ಬೋರಲು ಹಿಡಿದು, ಎದುರು ತುದಿಯ ಮೂಲೆಯನ್ನು ಕತ್ತರಿಯಿಂದ ಚೂರು ಕತ್ತರಿಸಿ. ಒಳಗೆ ಗಾಳಿ ಹೋದ ಕ್ಷಣ 'ಪಚಕ್' ಎಂದು ಸಣ್ಣ ಸದ್ದಾಗುತ್ತದೆ, ಇಡೀ ಇಟ್ಟಿಗೆ ತಾನಾಗಿ ಜಾರಿ ಇಳಿಯುತ್ತದೆ. ಬೆರಳು ಹಾಕಿ ಎಬ್ಬಿಸಿದರೆ ಮೂಲೆ ಹೋಯಿತು ಅಂತಲೇ ಲೆಕ್ಕ. ಚಾಕುವನ್ನು ನೀರಿನಲ್ಲಿ ಅದ್ದಿ, ಗರಗಸದಂತೆ ಎಳೆದಾಡದೆ, ಮೇಲಿನಿಂದ ನೇರ ಇಳಿಸಿ. ಸರಿಯಾಗಿ ಕತ್ತರಿಸಿದ್ದರೆ ಗೆರೆ ಮಾತ್ರ ಕಾಣುತ್ತದೆ, ತುಂಡುಗಳು ಒಂದನ್ನೊಂದು ಬಿಟ್ಟಿರುವುದಿಲ್ಲ.

ಚೌಕವೇ ಏಕೆ ಎಂದರೆ, ಹೆಸರೇ ಅದು. ಹಿಯಾ ಎಂದರೆ ತಣ್ಣಗಿನದು. ಯಕ್ಕೊ ಎಂದರೆ ಎಡೊ ಕಾಲದಲ್ಲಿ ಸಮುರಾಯ್‌ಗಳ ಬಳಿ ಇದ್ದ ಆಳುಗಳು. ಅವರ ಅಂಗಿಯ ಮೇಲಿದ್ದ ದೊಡ್ಡ ಚೌಕದ ಗುರುತಿನಿಂದ ಈ ಕತ್ತರಿಕೆಗೆ ಆ ಹೆಸರು ಬಂದದ್ದು ಎನ್ನುತ್ತಾರೆ.

ರೇಷ್ಮೆ ತೋಫು ಸಿಗದಿದ್ದರೆ ಗಟ್ಟಿಯದ್ದೇ ಆಗಲಿ. ಬಟ್ಟೆಯಲ್ಲಿ ಸುತ್ತಿ ಮೇಲೆ ಒಂದು ಲೀಟರ್ ನೀರಿನ ಬಾಟಲಿ ಮಲಗಿಸಿ ಇಪ್ಪತ್ತು ನಿಮಿಷ ಬಿಡಿ. ಇದನ್ನು ಮಾತ್ರ ಚಾಕುವಿನಿಂದ ಕತ್ತರಿಸದೆ ಕೈಯಲ್ಲಿ ಮುರಿಯಿರಿ. ನುಣುಪು ಮೈಯಿಂದ ಸಾಸು ಜಾರಿಹೋಗುತ್ತದೆ, ಮುರಿದ ತರಿತರಿ ಅಂಚು ಹಿಡಿದುಕೊಳ್ಳುತ್ತದೆ. ಚಂದಕ್ಕೆ ಅಂಕ ಕಡಿಮೆ ಬಂದೀತು, ರುಚಿಗೆ ಬರುತ್ತದೆ.

ಸಾಸು

ಇಬ್ಬರಿಗೆ, 300 ಗ್ರಾಂ ತೋಫುವಿಗೆ ನನ್ನ ಅಳತೆ ಇದು: ಸೋಯಾ ಸಾಸ್ ಒಂದು ದೊಡ್ಡ ಚಮಚ, ನಿಂಬೆರಸ ಒಂದು ಟೀ ಚಮಚ, ಸಕ್ಕರೆ ಅರ್ಧ ಟೀ ಚಮಚ, ಎಳ್ಳೆಣ್ಣೆ ಒಂದು ಟೀ ಚಮಚಕ್ಕಿಂತ ಚೂರು ಕಡಿಮೆ. ತುರಿದ ಶುಂಠಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಬೇಕಾದರೆ ಹಸಿಮೆಣಸಿನಕಾಯಿ ಎರಡು ಬಿಲ್ಲೆ. ಇವನ್ನು ಸಾಸಿನೊಳಗೆ ಬೆರೆಸಬೇಡಿ, ತೋಫುವಿನ ಮೇಲೆ ಇಡಿ.

ಸಕ್ಕರೆಯನ್ನು ಸೋಯಾ ಸಾಸ್ ಮತ್ತು ನಿಂಬೆರಸದಲ್ಲಿ ಪೂರ್ತಿ ಕರಗಿಸಿದ ಮೇಲೆಯೇ ಎಣ್ಣೆಯ ಮಾತು. ಎಣ್ಣೆಯಲ್ಲಿ ಸಕ್ಕರೆ ಕರಗುವುದಿಲ್ಲ, ತಳದಲ್ಲಿ ಹರಳಾಗಿ ಕೂತು ಹಲ್ಲಿಗೆ ಸಿಗುತ್ತದೆ. ತೋಫುವಿನ ಮೇಲೂ ಮೊದಲು ಸಾಸು, ಕಡೆಗೆ ಎಣ್ಣೆ. ಮೊದಲೇ ಎಣ್ಣೆ ಬಿದ್ದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಸಾಸು ಉರುಳಿ ತಟ್ಟೆಗೆ ಇಳಿಯುತ್ತದೆ.

ಎಳ್ಳೆಣ್ಣೆಯ ವಿಷಯದಲ್ಲಿ ನಾನು ಎರಡನೆಯ ಸಲ ಮುಗ್ಗರಿಸಿದೆ. ಜಪಾನ್, ಚೀನಾ, ಕೊರಿಯಾದ ಅಡುಗೆಯಲ್ಲಿ ಹೀಗೆ ಮೇಲೆ ತೊಟ್ಟಿಕ್ಕಿಸುವುದು ಹುರಿದ ಎಳ್ಳಿನಿಂದ ತೆಗೆದ ಕಂದು ಎಣ್ಣೆ. ನಮ್ಮ ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದು, ಬಣ್ಣ ತೆಳು ಹಳದಿ, ಉಪ್ಪಿನಕಾಯಿಗೆ ಅದರಂಥದ್ದಿಲ್ಲ, ಆದರೆ ಇಲ್ಲಿ ಬೇಕಾದ ಹುರಿದ ಘಮ ಅದರಲ್ಲಿಲ್ಲ. ಆ ಘಮ ಹುಟ್ಟುವುದೇ ಹುರಿಯುವಾಗ. ಒಲೆ ಹಚ್ಚುವಂತಿಲ್ಲದ ಪರೀಕ್ಷೆಯಲ್ಲಿ ಎಳ್ಳು ಹುರಿಯುವುದೆಲ್ಲಿ? ಅವತ್ತು ನನ್ನ ಪುಣ್ಯಕ್ಕೆ ಸಂಕ್ರಾಂತಿ ಮುಗಿದು ವಾರ ಆಗಿತ್ತು. ಪಿಜಿಯ ಆಂಟಿ ಕೊಟ್ಟಿದ್ದ ಎಳ್ಳು-ಬೆಲ್ಲದ ಪೊಟ್ಟಣ ಬಿಚ್ಚಿ, ಕೊಬ್ಬರಿ, ಹುರಿಗಡಲೆ, ಬೆಲ್ಲ, ಜೀರಿಗೆ ಪೆಪ್ಪರಮೆಂಟು ಎಲ್ಲ ಬೇರೆ ಮಾಡಿ, ಎಳ್ಳನ್ನಷ್ಟೇ ಆರಿಸಿ ಕುಟ್ಟಿದೆ. ಒಂದು ಚಮಚ ಎಳ್ಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ನೀವು ಹುರಿದ ಎಳ್ಳನ್ನೇ ಕೊಂಡುಬಿಡಿ. ಜೊತೆಯಲ್ಲಿ ಉಳಿದ ಕಡಲೆಬೀಜವನ್ನು ಒಡೆದು ಮೇಲೆ ಉದುರಿಸಿದ್ದು ಮಾತ್ರ ಚೆನ್ನಾಗಿತ್ತು. ಮೆತ್ತಗಿನ ತೋಫುವಿನ ನಡುವೆ ಒಂದು ಕಟುಂ ಬೇಕೇ ಬೇಕು.

ಆಂಟಿಗೂ ಒಂದು ತುಂಡು ಕೊಟ್ಟಿದ್ದೆ. "ಇಷ್ಟೆಲ್ಲ ಒದ್ದಾಡೋ ಬದ್ಲು ಒಂದು ಒಗ್ಗರಣೆ ಹಾಕಿದ್ರೆ ಆಗ್ತಿರ್ಲಿಲ್ವೇನೇ?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಚೀನಾದಲ್ಲಿ ಹೆಚ್ಚಿದ ಈರುಳ್ಳಿ ಸೊಪ್ಪಿನ ಮೇಲೆ ಕಾದ ಎಣ್ಣೆ ಸುರಿದು ಚುರ್ ಅನ್ನಿಸುವ ಪದ್ಧತಿ ಇದೆ, ಒಗ್ಗರಣೆಗೆ ಅದು ದಾಯಾದಿಯೇ. ಮನೆಯಲ್ಲಿ ಮಾಡಿಕೊಳ್ಳಿ. ಪ್ರಾಕ್ಟಿಕಲ್‌ನಲ್ಲಿ ಅದು ಒಲೆ ಹಚ್ಚಿದ ಲೆಕ್ಕಕ್ಕೆ ಹೋಗುತ್ತದೆ.

ಉಪ್ಪು ಬೇರೆ ಹಾಕಬೇಡಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ, ಅಂದರೆ ಎರಡು ಗ್ರಾಂ ದಾಟಿದ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅದಕ್ಕೇ ಈ ಅಳತೆ ಇಬ್ಬರಿಗೆ ಎಂದು ಬರೆದದ್ದು. ಸಾಸು ಕೊಳ್ಳುವಾಗ ಲೇಬಲ್ ಓದಿ: ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇದ್ದು, ಹುದುಗಿಸಿದ್ದು ಎಂದಿದ್ದರೆ ಅದನ್ನು ತನ್ನಿ. ಗೋಬಿ ಮಂಚೂರಿ ಗಾಡಿಯಲ್ಲಿ ಕಾಣುವ, ಕ್ಯಾರಮೆಲ್ ಬಣ್ಣದ ಕಡುಗಪ್ಪು ಸಾಸು ಬಾಣಲೆಯಲ್ಲಿ ಸರಿ. ಬೆಂಕಿ ಕಾಣದ ಈ ತಿನಿಸಿನಲ್ಲಿ ಅದರ ಒರಟುತನ ಹಾಗೇ ನಾಲಿಗೆಗೆ ತಗುಲುತ್ತದೆ.

ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತೋಫುವಿಗೆ ಸಾಸು ಸಪ್ಪೆ ಅನ್ನಿಸಬಹುದು. ತಣ್ಣಗಿದ್ದಾಗ ಸಿಹಿ ಕಡಿಮೆ ತಿಳಿಯುತ್ತದೆ, ಪರಿಮಳ ಮೇಲೇಳುವುದೂ ಕಡಿಮೆ. ಐದು ನಿಮಿಷ ಹೊರಗಿಟ್ಟು ರುಚಿ ನೋಡಿ, ಆಮೇಲೆ ಸಾಸು ಹೆಚ್ಚಿಸುವ ಯೋಚನೆ ಮಾಡಿ.

ಉಮಾಮಿ: ಎರಡು ಅಂಕದ ಟಿಪ್ಪಣಿ

ಸಿಹಿ, ಹುಳಿ, ಉಪ್ಪು, ಕಾರ, ಕಹಿ, ಒಗರು ಎಂಬ ನಮ್ಮ ಆರರ ಪಟ್ಟಿಯಲ್ಲಿ ಉಮಾಮಿ ಎಂಬ ಈ ಮೈತುಂಬಿದ, ನಾಲಿಗೆಯಲ್ಲಿ ಉಳಿಯುವ ರುಚಿ ಇಲ್ಲ. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಕೊಂಬು ಎಂಬ ಕಡಲಪಾಚಿಯ ತಿಳಿಯಿಂದ ಗ್ಲುಟಮೇಟನ್ನು ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. 1913ರಲ್ಲಿ ಶಿಂತಾರೊ ಕೊದಾಮಾ ಒಣಮೀನಿನಲ್ಲಿ ಇನೊಸಿನೇಟ್ ಗುರುತಿಸಿದರು. ಗ್ಲುಟಮೇಟ್ ಮತ್ತು ಇನೊಸಿನೇಟ್ ಜೊತೆಯಾದರೆ ರುಚಿ ಕೂಡಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಜಪಾನಿನಲ್ಲಿ ಗ್ಲುಟಮೇಟ್ ಇರುವ ಸೋಯಾ ಸಾಸ್ ಹಾಕಿದ ತೋಫುವಿನ ಮೇಲೆ ಆ ಒಣಮೀನಿನ ತೆಳು ಚೂರು, ಅಂದರೆ ಕತ್ಸುವೊಬುಶಿ, ಉದುರಿಸುವುದರ ಹಿಂದಿನ ಗುಟ್ಟು ಇದೇ. ಅದು ಮೀನು, ನೋಡಲು ಮಾತ್ರ ಮರದ ಹೊಟ್ಟಿನಂತಿರುತ್ತದೆ. ಸಸ್ಯಾಹಾರಿಗಳಿಗೆ ಬಡಿಸುವಾಗ ಮರೆಯಬೇಡಿ. ಅದರ ಬದಲು ಒಣಗಿದ ಶಿಟಾಕೆ ಅಣಬೆ ಕೆಲಸ ಮಾಡುತ್ತದೆ, ಅದರಲ್ಲಿರುವುದು ಇನೊಸಿನೇಟಿನಂತೆಯೇ ರುಚಿ ಹೆಚ್ಚಿಸುವ ಗ್ವಾನಿಲೇಟ್. ನಾನು ಹಣ್ಣಾದ ನಾಟಿ ಟೊಮೆಟೊದ ತಿರುಳನ್ನು ಒಂದು ಚಮಚ ಸೇರಿಸುತ್ತೇನೆ. ಗ್ಲುಟಮೇಟ್ ಅದರಲ್ಲೂ ಇದೆ, ಜೇಬಿಗೂ ಹಗುರ.

ಬಿಟ್ಟರೆ ಅಂಕ ಮಾತ್ರವಲ್ಲ, ಹೊಟ್ಟೆಯೂ ಕೆಡುತ್ತದೆ

ಮತ್ತೆ ಬಿಸಿ ಮಾಡುವುದಿಲ್ಲವಾದ್ದರಿಂದ ನಮ್ಮ ತಪ್ಪು ಸುಡುವ ಬೆಂಕಿ ಮುಂದೆಲ್ಲೂ ಇಲ್ಲ. 1981–82ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ತೋಫು ತಿಂದವರಿಗೆ ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿತ್ತು. ಬೇರು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ತೋಫು ತಯಾರಿಕೆಯಲ್ಲಿ ಬಳಸಿದ, ಶುದ್ಧಮಾಡದ ಚಿಲುಮೆ ನೀರು. ಆದ್ದರಿಂದ ತೆರೆದ ತೋಫುವನ್ನು ಮುಳುಗಿಸಿಡುವ ನೀರು ಕುದಿಸಿ ಆರಿಸಿದ್ದಾಗಿರಲಿ, ದಿನವೂ ಬದಲಾಯಿಸಿ, ಎರಡು ಮೂರು ದಿನದೊಳಗೆ ಮುಗಿಸಿ. ಬಿಡಿಯಾಗಿ ಮಾರುವ ತೋಫು ಈ ತಿನಿಸಿಗೆ ಬೇಡ, ಅದನ್ನು ಪಲ್ಯಕ್ಕೆ ಹಾಕಿ. ಟೇಬಲ್ ಮೇಲೆ ಎರಡು ಗಂಟೆಗಿಂತ ಹೆಚ್ಚು ಇಡುವಂತಿಲ್ಲ, ಏಪ್ರಿಲ್ಲಿನ ಬೆಂಗಳೂರಿನಲ್ಲಿ, 32 ಡಿಗ್ರಿ ದಾಟಿದ ಮಧ್ಯಾಹ್ನ, ಒಂದೇ ಗಂಟೆ. ಸೋಯಾ, ಗೋಧಿ, ಎಳ್ಳು, ಕಡಲೆಬೀಜ ನಾಲ್ಕೂ ಅಲರ್ಜಿಯ ಪಟ್ಟಿಯಲ್ಲಿರುವಂಥವು. ಚೀಟಿಯಲ್ಲಿ ಬರೆದು ತಟ್ಟೆಯ ಪಕ್ಕ ಇಡಿ, ಮೇಡಂ ಅದನ್ನು ನೋಡಿಯೇ ನೋಡುತ್ತಾರೆ.

ಸಾಸು ಬಿದ್ದ ತೋಫು ಉಳಿದರೆ ಎತ್ತಿಡಲು ಹೋಗಬೇಡಿ, ಮತ್ತೆ ನೀರು ಬಿಡುತ್ತದೆ. ಅಲ್ಲೇ ಬಿಸಿ ಅನ್ನದ ಮೇಲೆ ಕಿವುಚಿಕೊಂಡು ತಿನ್ನಿ. ಸಾಸು ಮಾತ್ರ ಉಳಿದರೆ ಮುಚ್ಚಿದ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮಾರನೆಯ ದಿನ ಸೌತೆಕಾಯಿಗೆ ಹಾಕಬಹುದು. ಬಾಟಲಿಯ ಮೇಲೆ ಹೆಸರು ಬರೆದಿಡಿ. ನಮ್ಮ ಪಿಜಿಯಲ್ಲಿ ಅಷ್ಟು ಸಾಲದು, 'ಇದು ಕೋಲಾ ಅಲ್ಲ' ಅಂತಲೂ ಬರೆಯಬೇಕಾಯಿತು.