ಎಂಎಸ್ ಇರುವವರ ನುಂಗುವ ತೊಂದರೆ: ಕೇಳಬೇಕಾದ ಪ್ರಶ್ನೆ ಇಷ್ಟು ತಡವಾಗಿದ್ದು ಯಾಕೆ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಎಂಬ ನರರೋಗ ಇರುವವರ ಫೈಲು ತೆರೆದರೆ ಇಡಿಎಸ್‌ಎಸ್ ಅನ್ನುವ ಒಂದು ಅಂಕ ಸಿಗುತ್ತದೆ. ಅದು ಸೊನ್ನೆಯಿಂದ 10ರವರೆಗೆ ಹೋಗುತ್ತದೆ. ಸೊನ್ನೆ ಎಂದರೆ ಏನೂ ತೊಂದರೆ ಇಲ್ಲ. 10 ಎಂದರೆ ಎಂಎಸ್‌ನಿಂದ ಸಾವು. ಅಮೆರಿಕದ ನರರೋಗ ತಜ್ಞ ಜಾನ್ ಕರ್ಟ್ಸ್‌ಕಿ 1955ರಲ್ಲಿ ಮಾಡಿದ ಅಳತೆ ಇದು. 1983ರಲ್ಲಿ ಅವರೇ ಅದನ್ನು ಇನ್ನಷ್ಟು ಬಿಡಿಸಿ ಬರೆದರು. ಇವತ್ತಿಗೂ ಜಗತ್ತಿನಾದ್ಯಂತ ಎಂಎಸ್ ಎಷ್ಟು ಮುಂದುವರಿದಿದೆ ಎಂದು ಹೇಳಲು ಡಾಕ್ಟರುಗಳು ಇದನ್ನೇ ಬಳಸುತ್ತಾರೆ.

ಈ ಪಟ್ಟಿಯಲ್ಲಿ ನುಂಗುವ ಮಾತು ಎಲ್ಲಿ ಬರುತ್ತದೆ ನೋಡಿ. 9ರಲ್ಲಿ ರೋಗಿ ಹಾಸಿಗೆ ಹಿಡಿದಿದ್ದಾರೆ, ಆದರೆ ಮಾತಾಡಬಲ್ಲರು, ಉಣ್ಣಬಲ್ಲರು. 9.5ರಲ್ಲಿ ಸರಿಯಾಗಿ ಮಾತಾಡಲೂ ಆಗುವುದಿಲ್ಲ, ಉಣ್ಣಲು ನುಂಗಲೂ ಆಗುವುದಿಲ್ಲ. ಅದರ ಮುಂದಿನ ಅಂಕವೇ ಸಾವು. 4ರಿಂದ 7.5ರವರೆಗಿನ ಅಂಕ ಮುಖ್ಯವಾಗಿ ನಡಿಗೆಯ ಲೆಕ್ಕ: ಎಷ್ಟು ಮೀಟರ್ ನಡೆಯುತ್ತಾರೆ, ಕೋಲು ಬೇಕಾ, ಗಾಲಿಕುರ್ಚಿ ಬೇಕಾ. ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳಿನ ಕಾಂಡಕ್ಕೆ ಇದರಲ್ಲಿ ಬೇರೆ ಅಂಕ ಇದೆ ನಿಜ. ಅಲ್ಲೂ 'ನುಂಗಲು ಅಥವಾ ಮಾತಾಡಲು ಆಗದಿರುವುದು' ಕೊನೆಯ ದರ್ಜೆ.

ಕರ್ಟ್ಸ್‌ಕಿಯವರನ್ನು ದೂರಿ ಪ್ರಯೋಜನವಿಲ್ಲ. ನಡಿಗೆಯನ್ನು ಕಣ್ಣಾರೆ ನೋಡಬಹುದು, ಅಳೆಯಬಹುದು. ಗಂಟಲ ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಆದರೆ ಎಲ್ಲರೂ ನೋಡುವ ಅಳತೆ ಒಂದೇ ಆದಾಗ, ಅದರಲ್ಲಿ ಕೊನೆಗೆ ಬರುವ ಸಂಗತಿಯನ್ನು ಎಲ್ಲರೂ ಕೊನೆಗೇ ಯೋಚಿಸುತ್ತಾರೆ. ನುಂಗುವ ತೊಂದರೆ ಹಾಸಿಗೆ ಹಿಡಿದವರಿಗೆ ಮಾತ್ರ ಬರುವುದು ಅನ್ನುವ ನಂಬಿಕೆ ತುಂಬಾ ವರ್ಷ ಉಳಿದುಕೊಂಡಿತು. ಅದು ನಿಜವಲ್ಲ ಎಂದು ಗೊತ್ತಾಗಿದ್ದು ಇತ್ತೀಚೆಗೆ.

ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಗಳ ನರಗಳ ಮೇಲಿನ ಹೊದಿಕೆಯನ್ನು ಹಾಳುಮಾಡುತ್ತದೆ. ಪ್ಯಾರಿಸ್‌ನ ಸಾಲ್ಪೆಟ್ರಿಯೆ ಆಸ್ಪತ್ರೆಯಲ್ಲಿ ಝಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಇದನ್ನು ಬೇರೆಯೇ ಒಂದು ಕಾಯಿಲೆ ಎಂದು ವಿವರಿಸಿದರು. ಅವರು ಎತ್ತಿ ತೋರಿಸಿದ ಮೂರು ಲಕ್ಷಣಗಳು ಈಗಲೂ ಪಾಠದಲ್ಲಿ ಬರುತ್ತವೆ: ಕಣ್ಣುಗುಡ್ಡೆಯ ಅದುರುವಿಕೆ, ಏನನ್ನಾದರೂ ಹಿಡಿಯಲು ಹೋದಾಗ ಕೈ ನಡುಗುವುದು, ತುಂಡುತುಂಡಾದ ಮಾತು. ಮಾತು ಅಲ್ಲೇ ಇತ್ತು. ಮಾತಾಡುವ ನಾಲಿಗೆ, ತುಟಿ, ಗಂಟಲಿನಿಂದಲೇ ನುಂಗುವುದೂ ಅಲ್ವಾ? ಆದರೂ ಆ ಮೂರರಲ್ಲಿ ನುಂಗುವುದಕ್ಕೆ ಜಾಗ ಸಿಗಲಿಲ್ಲ.

ನುಂಗುವುದು ನಾವು ಅಂದುಕೊಂಡಷ್ಟು ಸುಲಭದ ಕೆಲಸ ಅಲ್ಲ. ತುತ್ತು ಗಂಟಲು ದಾಟುವುದಕ್ಕೆ ಒಂದು ಸೆಕೆಂಡೂ ಬೇಡ. ಆ ಒಂದು ಕ್ಷಣದಲ್ಲಿ ಬಾಯಿಯ ಹಿಂಭಾಗದ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಧ್ವನಿಪೆಟ್ಟಿಗೆ ಮೇಲೆ ಸರಿದು ಶ್ವಾಸನಾಳ ಮುಚ್ಚಬೇಕು, ಉಸಿರು ನಿಲ್ಲಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಮೆದುಳಿನಿಂದ ನೇರವಾಗಿ ಹೊರಡುವ ಐದು ಜೊತೆ ಕಪಾಲ ನರಗಳು ಸೇರಿ ಇದನ್ನು ಮಾಡಿಸುತ್ತವೆ. ತಾಳ ಹಾಕುವುದು ಮೆದುಳಿನ ಕಾಂಡ. ಎಂಎಸ್‌ನಿಂದಾದ ಗಾಯದ ಕಲೆ ಅಲ್ಲಿ ಬಿದ್ದರೆ ತಾಳ ತಪ್ಪುತ್ತದೆ. ಅಲ್ಲಿಗೆ ಬರುವ ದಾರಿಯಲ್ಲಿ ಬಿದ್ದರೂ ತಪ್ಪಬಹುದು. ಆಗ ನೀರೋ ಅನ್ನವೋ ಶ್ವಾಸನಾಳಕ್ಕೆ ಇಳಿಯುತ್ತದೆ.

ಗಟ್ಟಿಮುಟ್ಟಾದವರಿಗೆ ಹೀಗಾದರೆ ಜೋರಾಗಿ ಕೆಮ್ಮು ಬಂದು ಹೊರಗೆ ಹಾಕುತ್ತದೆ. ಗಂಟಲಿನ ಸ್ಪರ್ಶವೇ ಮಂದವಾಗಿದ್ದರೆ ಕೆಮ್ಮೂ ಬರುವುದಿಲ್ಲ. ಊಟ ಮುಗಿಯುತ್ತದೆ, ಎದ್ದು ಕೈ ತೊಳೆಯುತ್ತಾರೆ, ಒಂದಿಷ್ಟು ಶ್ವಾಸಕೋಶಕ್ಕೆ ಹೋಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ಜ್ವರ, ಕಫ, ನ್ಯುಮೋನಿಯಾ. ಎಂಎಸ್ ಜಾಸ್ತಿಯಾದವರ ಸಾವಿಗೆ ಉಸಿರಾಟದ ಸೋಂಕು ಒಂದು ದೊಡ್ಡ ಕಾರಣ.

ಗಂಟಲ ಒಳಗನ್ನು ನೋಡುವ ದಾರಿ ಸಿಕ್ಕ ಮೇಲೆಯೇ ಈ ಕಥೆ ಮುಂದೆ ಸರಿದದ್ದು. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಕುಡಿಸಿ ಚಿತ್ರ ತೆಗೆಯುವುದು ಹಳೆಯದೇ. ಆದರೆ ಅಲ್ಲಿ ನೋಡುತ್ತಿದ್ದುದು ಹೆಚ್ಚಾಗಿ ಅನ್ನನಾಳವನ್ನು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೆರಿಲಿನ್ ಲೋಗೆಮನ್ ಕಣ್ಣನ್ನು ಬಾಯಿ, ಗಂಟಲಿಗೆ ತಿರುಗಿಸಿದರು. ಒಂದೊಂದೇ ಚಮಚ, ಬೇರೆ ಬೇರೆ ದಪ್ಪದ ಆಹಾರ, ಅದಕ್ಕೆ ಬೇರಿಯಂ ಬೆರೆಸಿ ನುಂಗುವಾಗಲೇ ಎಕ್ಸ್‌ರೇ ವಿಡಿಯೋ. ತಲೆ ಬಗ್ಗಿಸಿದರೆ ಸರಿಹೋಗುತ್ತದಾ, ದಪ್ಪ ಮಾಡಿದರೆ ಸರಿಹೋಗುತ್ತದಾ ಎಂದು ಅಲ್ಲೇ ನೋಡಬಹುದಿತ್ತು. ಅವರು ಡಾಕ್ಟರಲ್ಲ, ವಾಕ್ ತಜ್ಞೆ. ನುಂಗುವ ತೊಂದರೆಯ ಕೆಲಸ ಮಾತಿನ ಚಿಕಿತ್ಸಕರ ಕೈಗೆ ಬರುವುದರಲ್ಲಿ 1983ರಲ್ಲಿ ಅವರು ಬರೆದ ಪುಸ್ತಕದ ಪಾಲು ದೊಡ್ಡದು. 1988ರಲ್ಲಿ ಇನ್ನೊಬ್ಬ ವಾಕ್ ತಜ್ಞೆ ಸೂಸನ್ ಲ್ಯಾಂಗ್‌ಮೋರ್ ಮತ್ತು ಜೊತೆಗಾರರು ಇನ್ನೊಂದು ದಾರಿ ತೋರಿಸಿದರು: ಮೂಗಿನ ಮೂಲಕ ಸಣ್ಣ ಎಂಡೋಸ್ಕೋಪ್ (ಒಳಗನ್ನು ತೋರಿಸುವ ತೆಳು ನಳಿಕೆ) ಇಳಿಸಿ, ಬಣ್ಣ ಹಾಕಿದ ಆಹಾರ ಕೊಟ್ಟು, ಮೇಲಿನಿಂದ ನೋಡುವುದು. ನುಂಗುವ ಆ ಒಂದು ಕ್ಷಣ ಪರದೆ ಪೂರ್ತಿ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಅದಕ್ಕೆ ಮೊದಲು ಏನಾಯಿತು, ಆಮೇಲೆ ಏನು ಉಳಿಯಿತು ಅನ್ನುವುದು ಚೆನ್ನಾಗಿ ಕಾಣುತ್ತದೆ.

ಹೀಗೆ ನೋಡಲು ಶುರು ಮಾಡಿದ ಮೇಲೆ ಹಳೆಯ ಲೆಕ್ಕಗಳು ಒಂದೊಂದೇ ಬಿದ್ದವು. 1988ರ ಒಂದು ಅಧ್ಯಯನದಲ್ಲಿ, ಎಕ್ಸ್‌ರೇ ವಿಡಿಯೋದಲ್ಲಿ ಶ್ವಾಸನಾಳಕ್ಕೆ ಆಹಾರ ಇಳಿದದ್ದು ಕಂಡವರಲ್ಲಿ, ಯಂತ್ರವಿಲ್ಲದೆ ಹಾಸಿಗೆ ಪಕ್ಕದಲ್ಲೇ ಮಾಡುವ ಪರೀಕ್ಷೆ ಗುರುತಿಸಿದ್ದು 42% ಮಂದಿಯನ್ನು ಮಾತ್ರ. ಗಂಟಲಿಗೆ ಕಡ್ಡಿ ಮುಟ್ಟಿಸಿ ವಾಕರಿಕೆ ಬರುತ್ತದಾ ಎಂದು ನೋಡುವ ಪದ್ಧತಿಯೂ ನಡೆದುಕೊಂಡು ಬಂದಿತ್ತು. 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿ ಪ್ರಕಾರ ಆರೋಗ್ಯವಂತರಲ್ಲೇ 37% ಜನರಿಗೆ ಆ ವಾಕರಿಕೆ ಇರಲಿಲ್ಲ. ಆ ಕಡ್ಡಿಯಿಂದ ನುಂಗುವ ಬಗ್ಗೆ ಹೇಳುವಂಥದ್ದು ಜಾಸ್ತಿ ಏನೂ ಸಿಗುವುದಿಲ್ಲ ಎಂದಾಯಿತು.

ಆದರೆ ಎಲ್ಲರನ್ನೂ ಎಕ್ಸ್‌ರೇ ಕೋಣೆಗೆ ಕಳಿಸಲು ಆಗುವುದಿಲ್ಲ. ಯಾರನ್ನು ಕಳಿಸಬೇಕು ಎಂದು ಆರಿಸುವ ಸಣ್ಣ ಪರೀಕ್ಷೆ ಬೇಕು. ಅದನ್ನೇ ಸ್ಕ್ರೀನಿಂಗ್ ಅನ್ನುವುದು. ಈ ವಿಷಯದಲ್ಲಿ ಮೊದಲು ಓಡಿದವರು ಪಾರ್ಶ್ವವಾಯು, ಅಂದರೆ ಸ್ಟ್ರೋಕ್ ನೋಡುವವರು. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಬರ್ಕ್ ಪುನರ್ವಸತಿ ಆಸ್ಪತ್ರೆಯವರು ಸ್ಟ್ರೋಕ್ ಆದವರಿಗೆ ಸುಮಾರು 90 ಮಿ.ಲೀ. ನೀರು ಕುಡಿಸಿ ನೋಡುವ ಪರೀಕ್ಷೆ ಕೊಟ್ಟರು. ಕುಡಿಯುವಾಗ ಅಥವಾ ಕುಡಿದು ಒಂದು ನಿಮಿಷದೊಳಗೆ ಕೆಮ್ಮು ಬಂತಾ? ಧ್ವನಿ ನೀರು ತುಂಬಿದಂತೆ ಗೊರಗೊರ ಆಯಿತಾ? ಹೌದಾದರೆ ಮುಂದಿನ ಪರೀಕ್ಷೆ. ಆಮೇಲೆ ಇಂಥವು ಹಲವು ಬಂದವು. ಸ್ಟ್ರೋಕ್ ಆದವರಿಗೆ ನುಂಗುವ ಪರೀಕ್ಷೆ ಮಾಡದೆ ಬಾಯಿಗೆ ಏನೂ ಕೊಡಬಾರದು ಅನ್ನುವ ನಿಯಮ ಎಷ್ಟೋ ದೇಶಗಳಲ್ಲಿ ಬಂತು.

ಎಂಎಸ್‌ಗೆ ಹಾಗಾಗಲಿಲ್ಲ. ಸ್ಟ್ರೋಕ್ ಒಂದು ದಿನ ಆಗುತ್ತದೆ, ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ, ಅಲ್ಲೇ ಪರೀಕ್ಷೆ ಮಾಡಬಹುದು. ಎಂಎಸ್‌ಗೆ ಅಂಥ ಬಾಗಿಲೇ ಇಲ್ಲ. ಇಪ್ಪತ್ತೋ ಮೂವತ್ತೋ ವರ್ಷ ನಡೆಯುವ ಕಾಯಿಲೆ. ನುಂಗುವ ತೊಂದರೆ ಯಾವ ವರ್ಷ ಶುರುವಾಯಿತು ಎಂದು ರೋಗಿಗೇ ಹೇಳಲು ಬರುವುದಿಲ್ಲ. ಯಾವಾಗ ಪರೀಕ್ಷೆ ಮಾಡಬೇಕು ಅನ್ನುವ ಪ್ರಶ್ನೆಗೆ ಸಹಜವಾದ ಉತ್ತರ ಇಲ್ಲದಿದ್ದರೆ, ಪರೀಕ್ಷೆ ಆಗುವುದೇ ಇಲ್ಲ. ನನ್ನ ಮಟ್ಟಿಗೆ ತಡವಾದದ್ದಕ್ಕೆ ಮುಖ್ಯ ಕಾರಣ ಇದೇ. ಉಪಕರಣದ ಕೊರತೆ ಆಮೇಲಿನ ಮಾತು.

ಎಂಎಸ್ ಕಡೆ ಮೊದಲ ಗಟ್ಟಿ ಕೆಲಸಗಳಲ್ಲಿ ಒಂದು ಬಂದದ್ದು ವೇಲ್ಸ್‌ನ ಕಾರ್ಡಿಫ್‌ನಿಂದ. ನರರೋಗ ಇರುವವರಿಗಾಗಿ ಅಲ್ಲಿನವರು 1992ರಲ್ಲಿ 150 ಮಿ.ಲೀ. ನೀರಿನ ಪರೀಕ್ಷೆ ಕೊಟ್ಟಿದ್ದರು. ಎಷ್ಟು ಗುಟುಕಿನಲ್ಲಿ, ಎಷ್ಟು ಸೆಕೆಂಡಿನಲ್ಲಿ ಕುಡಿದು ಮುಗಿಸುತ್ತಾರೆ ಎಂದು ಲೆಕ್ಕ ಹಾಕುವುದು. ಸೆಕೆಂಡಿಗೆ 10 ಮಿ.ಲೀ.ಗಿಂತ ನಿಧಾನವಾದರೆ ಅನುಮಾನ. 1999ರಲ್ಲಿ ಅದೇ ಪರೀಕ್ಷೆಯನ್ನು ಆಸ್ಪತ್ರೆಗೆ ಸೇರಿದ ಎಂಎಸ್ ರೋಗಿಗಳ ಮೇಲೆ ಮಾಡಿದ ಫಲಿತಾಂಶ ಪ್ರಕಟವಾಯಿತು. 43% ಮಂದಿಯ ನುಂಗುವಿಕೆ ಸರಿ ಇರಲಿಲ್ಲ. ಅದಕ್ಕಿಂತ ಯೋಚನೆಗೆ ಹಚ್ಚುವುದು ಇನ್ನೊಂದು ಮಾತು: ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ತಮಗೆ ನುಂಗುವ ತೊಂದರೆ ಇದೆ ಎಂದು ಹೇಳಿಯೇ ಇರಲಿಲ್ಲ.

2002ರಲ್ಲಿ ಎರಡು ವರದಿ ಬಂದವು. ಇಟಲಿಯಲ್ಲಿ 143 ರೋಗಿಗಳನ್ನು ನೋಡಿದಾಗ 34% ಜನರಿಗೆ ತೊಂದರೆ ಇತ್ತು. ಬೆಲ್ಜಿಯಂನಲ್ಲಿ 309 ಜನರಲ್ಲಿ 24% ಮಂದಿಗೆ ಶಾಶ್ವತವಾದ ತೊಂದರೆ. ಇಡಿಎಸ್‌ಎಸ್ 8, 9ರವರಲ್ಲಿ ಅದು 65%ವರೆಗೆ ಏರಿತ್ತು. ಇದು ಎಲ್ಲರೂ ಊಹಿಸಿದ್ದೇ. ಆದರೆ 2, 3ರ ಅಂಕದವರಲ್ಲೂ, ಅಂದರೆ ಆರಾಮಾಗಿ ಓಡಾಡುವವರಲ್ಲೂ, ತೊಂದರೆ ಶುರುವಾಗಬಹುದು ಎಂದು ಬೆಲ್ಜಿಯಂನವರು ತೋರಿಸಿದರು. 9.5ರ ಗೆರೆ ಅಲ್ಲಿಗೆ ಅಳಿಸಿಹೋಗಬೇಕಿತ್ತು.

ಎಂಎಸ್‌ಗಾಗಿಯೇ ಮಾಡಿದ ಪ್ರಶ್ನಾವಳಿ ಸಿಕ್ಕಿದ್ದು 2008ರಲ್ಲಿ. ಇಟಲಿಯ ರೊಬೆರ್ತೊ ಬೆರ್ಗಮಾಸ್ಕಿ ಮತ್ತು ಜೊತೆಗಾರರು ಮಾಡಿದ ಇದರ ಹೆಸರು ಡಿವೈಎಂಯುಎಸ್, ಬಾಯಲ್ಲಿ 'ಡೈಮಸ್'. ಹತ್ತೇ ಪ್ರಶ್ನೆ, ಹೌದು ಅಥವಾ ಇಲ್ಲ. ಗಟ್ಟಿ ಆಹಾರ ನುಂಗಲು ಕಷ್ಟವಾ, ನೀರು ಕುಡಿದಾಗ ಕೆಮ್ಮು ಬರುತ್ತದಾ, ಒಂದೇ ತುತ್ತನ್ನು ಹಲವು ಸಲ ನುಂಗಬೇಕಾ, ಊಟವನ್ನು ಸಣ್ಣ ಸಣ್ಣ ತುಂಡು ಮಾಡಿಕೊಳ್ಳಬೇಕಾ, ತೂಕ ಇಳಿದಿದೆಯಾ, ಹೀಗೆ. ಏಳು ಪ್ರಶ್ನೆ ಗಟ್ಟಿ ಆಹಾರದ ಕಡೆಗೆ, ಮೂರು ದ್ರವದ ಕಡೆಗೆ. ಡಾಕ್ಟರ ಬಾಗಿಲ ಹೊರಗೆ ಕಾಯುವಾಗಲೇ ತುಂಬಿ ಮುಗಿಸಬಹುದು. ಅದೇ ವರ್ಷ ಅಮೆರಿಕದಲ್ಲಿ ಇಎಟಿ-10 ಎಂಬ ಇನ್ನೊಂದು ಹತ್ತು ಪ್ರಶ್ನೆಯ ಪಟ್ಟಿ ಬಂತು. ಅದು ಎಂಎಸ್‌ಗೆ ಮಾತ್ರ ಅಲ್ಲ, ನುಂಗುವ ತೊಂದರೆ ಇರುವ ಯಾರಿಗಾದರೂ.

ಪ್ರಶ್ನೆ ಕೇಳಿದರೆ ಸಾಕಾ? 2015ರಲ್ಲಿ ಅದುವರೆಗಿನ 15 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದರು. ರೋಗಿಗಳನ್ನು ಕೇಳಿ ತಿಳಿದ ಅಧ್ಯಯನಗಳಲ್ಲಿ 36% ಜನರಿಗೆ ತೊಂದರೆ. ಉಪಕರಣದಿಂದ ನೋಡಿದ ಅಧ್ಯಯನಗಳಲ್ಲಿ 81%. ಈ 81ನ್ನು ನೋಡಿ ಗಾಬರಿ ಆಗಬೇಕಿಲ್ಲ. ಯಂತ್ರಕ್ಕೆ ಕಾಣುವ ಸಣ್ಣಪುಟ್ಟ ವ್ಯತ್ಯಾಸವೆಲ್ಲ ಅದರಲ್ಲಿ ಸೇರಿರುತ್ತದೆ, ಪರೀಕ್ಷೆಗೆ ಕಳಿಸಿದವರೇ ತೊಂದರೆ ಇರುವವರಾಗಿರುವುದೂ ಉಂಟು. ಆದರೂ ಇಷ್ಟು ದೊಡ್ಡ ಅಂತರವನ್ನು ಪೂರ್ತಿ ಹಾಗೆ ತಳ್ಳಿಹಾಕಲು ಆಗದು.

ಜನ ಯಾಕೆ ಹೇಳುವುದಿಲ್ಲ? ನಿಧಾನವಾಗಿ ಬರುವ ತೊಂದರೆಗೆ ಮನುಷ್ಯ ನಿಧಾನವಾಗಿಯೇ ಹೊಂದಿಕೊಳ್ಳುತ್ತಾನೆ. ಅವಲಕ್ಕಿ ಬಿಟ್ಟು ಇಡ್ಲಿಗೆ ಬರುತ್ತಾರೆ, ಇಡ್ಲಿ ಬಿಟ್ಟು ಗಂಜಿಗೆ. ಮನೆಯವರಿಗೆ ಅದು ರುಚಿ ಬದಲಾದಂತೆ ಕಾಣುತ್ತದೆ. ನಮ್ಮಲ್ಲಂತೂ ಊಟದ ಮಧ್ಯೆ ನೆತ್ತಿಗೆ ಹತ್ತಿದರೆ ತಲೆ ತಟ್ಟಿ 'ಯಾರೋ ನೆನಪಿಸಿಕೊಳ್ತಿದ್ದಾರೆ' ಅಂದುಬಿಡುತ್ತೇವೆ. ವಾರಕ್ಕೆ ನಾಲ್ಕು ಸಲ ಯಾರೂ ಹಾಗೆ ನೆನಪಿಸಿಕೊಳ್ಳುವುದಿಲ್ಲ. ಚೊಂಬಿನಿಂದ ಎತ್ತಿ ಕುಡಿಯುವ ರೂಢಿಯೂ ಇದೆ. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ರಕ್ಷಣೆ ಕಡಿಮೆಯಾಗುತ್ತದೆ. ನುಂಗುವುದು ಕಷ್ಟವಾಗಿರುವವರಿಗೆ ಇದು ಒಳ್ಳೆಯದಲ್ಲ.

ಭಾರತದಲ್ಲಿ ಎಂಎಸ್ ಅಪರೂಪ ಎಂದೇ ಬಹಳ ಕಾಲ ನಂಬಿದ್ದರು. ಎಂಆರ್‌ಐ ಹರಡಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಮುಂಬೈಯಲ್ಲಿ 1985ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಶುರುವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಸೇರಿದೆ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಜೊತೆಗಾರರು ಊರಿನ ಜನಸಂಖ್ಯೆಯಲ್ಲೇ ಲೆಕ್ಕ ಮಾಡಿ, ಲಕ್ಷಕ್ಕೆ ಸುಮಾರು 8 ಜನರಿಗೆ ಎಂಎಸ್ ಇದೆ ಎಂದು 2014ರಲ್ಲಿ ವರದಿ ಮಾಡಿದರು. ನುಂಗುವ ತೊಂದರೆಯ ಕಡೆಯೂ ಮಂಗಳೂರಿನ ಪಾಲು ಇದೆ. ಅಲ್ಲಿನ ವಾಕ್ ತಜ್ಞರು ಇಎಟಿ-10ರ ಕನ್ನಡ ರೂಪವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಕಲಿತವರು ರಾಜ್ಯದ ಎಷ್ಟೋ ಆಸ್ಪತ್ರೆಗಳಲ್ಲಿದ್ದಾರೆ. ಮಾತು ತೊದಲಿದರೆ ಅವರ ಹತ್ತಿರ ಹೋಗಬೇಕು ಎಂದು ಜನರಿಗೆ ಗೊತ್ತು. ನುಂಗುವುದು ಕಷ್ಟವಾದರೂ ಹೋಗಬೇಕಾದ್ದು ಅವರ ಹತ್ತಿರವೇ ಎಂದು ಗೊತ್ತಿರುವವರು ಕಡಿಮೆ.

ತೊಂದರೆ ಪತ್ತೆಯಾದ ಮೇಲೆ ಮಾಡುವುದು ಏನು ಅನ್ನುವುದಕ್ಕೆ ಇಲ್ಲಿ ಜಾಸ್ತಿ ಜಾಗ ಕೊಡುವುದಿಲ್ಲ. ಕೂರುವ ಭಂಗಿ, ಗದ್ದ ತಗ್ಗಿಸಿ ನುಂಗುವುದು, ಆಹಾರದ ಹದ ಬದಲಿಸುವುದು, ವ್ಯಾಯಾಮ, ತೀರಾ ಕಷ್ಟವಾದರೆ ಹೊಟ್ಟೆಗೆ ನಳಿಕೆ. ಯಾವುದು ಯಾರಿಗೆ ಅನ್ನುವುದನ್ನು ತಜ್ಞರೇ ನೋಡಿ ಹೇಳಬೇಕು. ಒಂದನ್ನು ಮಾತ್ರ ಹೇಳಬೇಕು. ವಯಸ್ಸಾದವರನ್ನು ಗಮನಿಸಿ ಲ್ಯಾಂಗ್‌ಮೋರ್ 1998ರಲ್ಲಿ ಬರೆದಂತೆ, ನ್ಯುಮೋನಿಯಾ ಬರಲು ನುಂಗುವ ತೊಂದರೆ ಒಂದೇ ಕಾರಣ ಅಲ್ಲ. ಬೇರೆಯವರ ಕೈಯಿಂದ ಉಣ್ಣಬೇಕಾದ ಸ್ಥಿತಿ, ಬಾಯಿ ಸ್ವಚ್ಛಗೊಳಿಸಲು ಬೇರೆಯವರ ನೆರವು ಬೇಕಾದ ಸ್ಥಿತಿ, ಹುಳುಕು ಹಲ್ಲು, ಇವುಗಳ ನಂಟು ತುಂಬಾ ಬಲವಾಗಿತ್ತು. ಅಂದರೆ ದಿನಕ್ಕೆರಡು ಸಲ ಹಲ್ಲುಜ್ಜಿಸುವುದೂ ಈ ಚಿಕಿತ್ಸೆಯ ಭಾಗವೇ.

ಬ್ರಿಟನ್ನಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿ ಎಂಎಸ್ ಇರುವ ಎಲ್ಲರಿಗೂ ವರ್ಷಕ್ಕೊಮ್ಮೆಯಾದರೂ ಪೂರ್ತಿ ತಪಾಸಣೆ ಮಾಡಬೇಕು ಎಂದಿತು. ಅಲ್ಲಿ ವಿಚಾರಿಸಬೇಕಾದ ಲಕ್ಷಣಗಳ ಪಟ್ಟಿಯಲ್ಲಿ ಮಾತು ಮತ್ತು ನುಂಗುವುದು ಒಟ್ಟಿಗೆ ಇವೆ. ಎಂಎಸ್‌ಗೆ ಇಲ್ಲದಿದ್ದ ಬಾಗಿಲು ಇದೇ ಇರಬಹುದು. ಆದರೆ ಬೆಳಗಿನ ಹತ್ತು ಗಂಟೆಯ ಓಪಿಡಿಯಲ್ಲಿ ರೋಗಿ ಲವಲವಿಕೆಯಿಂದ ಇರುತ್ತಾರೆ. ಸುಸ್ತು ಈ ಕಾಯಿಲೆಯ ದೊಡ್ಡ ಲಕ್ಷಣ. ಬೆಳಗ್ಗೆ 90 ಮಿ.ಲೀ. ನೀರು ಸಲೀಸಾಗಿ ಕುಡಿದವರು ರಾತ್ರಿ ಊಟದ ಕೊನೆಯ ತುತ್ತುಗಳಿಗೆ ಕೆಮ್ಮಬಹುದು. ಸೆಕೆಗೂ ಲಕ್ಷಣಗಳು ಜಾಸ್ತಿಯಾಗುತ್ತವೆ. ಹಾಗಾಗಿ ನೀರಿನ ಪರೀಕ್ಷೆ ಪಾಸಾಯಿತು ಎಂದು ಫೈಲು ಮುಚ್ಚುವ ಮೊದಲು ಜೊತೆಗೆ ಬಂದವರನ್ನೂ ಕೇಳಬೇಕು: ಊಟಕ್ಕೆ ಮೊದಲಿಗಿಂತ ಹೊತ್ತು ಹಿಡಿಯುತ್ತದಾ? ಉಂಡ ಮೇಲೆ ಧ್ವನಿ ಬದಲಾಗುತ್ತದಾ? ಈ ವರ್ಷ ಎದೆಯ ಸೋಂಕು ಎಷ್ಟು ಸಲ ಆಯಿತು? ಏನೇನು ತಿನ್ನುವುದನ್ನು ಬಿಟ್ಟಿದ್ದಾರೆ?