ಹಸಿರು ತೋರಿಸಿದ ಕಂಪ್ಯೂಟರ್, ಒಪ್ಪದ ಟೈರ್

ಅಕ್ಕನ ಮಗ ತನ್ನ ಹಳೇ ಸ್ವಿಫ್ಟನ್ನು ಮನೆ ಮುಂದೆ ನಿಲ್ಲಿಸಿ, "ಮಾಮಾ, ಮುಂದಿನ ಟೈರ್ ಒಂಚೂರು ನೋಡ್ರಿ, ತಿಂತಾ ಐತಿ" ಅಂದ. ನಿಂತು ನೋಡಿದರೆ ತಿಂದ ಲಕ್ಷಣವೇ ಇಲ್ಲ, ಹೊರಗಿನ ಅಂಚಿನ ಬಟನ್ (ರಬ್ಬರಿನ ಉಬ್ಬು) ಎಲ್ಲ ಗಟ್ಟಿಯಾಗಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಿದೆ. ಒಳಮಗ್ಗುಲಲ್ಲಿ ಎರಡು ಬೆರಳು ಅಗಲ ಬೋಳು. ಎರಡು ತಿಂಗಳ ಹಿಂದೆ ಹಾಕಿಸಿದ ಟೈರು ಅದು. ಹುಡುಗ ಕೆಲಸಕ್ಕೆ ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಓಡಾಡುತ್ತಾನೆ, ಅಂದರೆ ಆರು ಸಾವಿರ ಕಿಲೋಮೀಟರ್ ಓಡಿರಬಹುದು. ಅಷ್ಟಕ್ಕೆಲ್ಲ ಟೈರು ಮುಗಿಯಬಾರದು.

"ಅಲೈನ್‌ಮೆಂಟ್ ಮಾಡಿಸ್ಲಿಲ್ಲೇನೋ?"

"ಮಾಡ್ಸೀನಲ್ಲ ಮಾಮಾ, ಕಂಪ್ಯೂಟರ್‌ದು. ಗಾಡಿ ಡೌನ್ ಮಾಡ್ಸಿದ ದಿನಾನೇ ಮಾಡ್ಸೀನಿ. ಎಲ್ಲಾ ಹಸಿರು ಬಂತು. ಕ್ಯಾಂಬರ್ ಒಂದು ಕೆಂಪಿತ್ತು. ಅದಕ್ಕೇನೂ ಮಾಡಕ್ಕಾಗಲ್ಲ ಅಂದ್ರು."

ಪ್ರಿಂಟ್ ತೆಗೆದಿದ್ದ ಹಾಳೆಯನ್ನೂ ತೋರಿಸಿದ. ಅಲೈನ್‌ಮೆಂಟ್ ಅಂದರೆ ಚಕ್ರಗಳು ನಿಂತಿರುವ ಕೋನಗಳನ್ನು ಅಳೆದು ಸರಿ ಮಾಡುವುದು. ಅಳತೆ ಮಿತಿಯೊಳಗಿದ್ದರೆ ಕಂಪ್ಯೂಟರ್ ಹಸಿರು ತೋರಿಸುತ್ತದೆ, ಮೀರಿದರೆ ಕೆಂಪು. ಹಾಳೆ ಸುಳ್ಳು ಹೇಳಿರಲಿಲ್ಲ, ಟೈರೂ ಸುಳ್ಳು ಹೇಳುತ್ತಿರಲಿಲ್ಲ. ಇವೆರಡರ ನಡುವೆ ಏನಾಯಿತು ಅನ್ನುವುದೇ ಈ ಲೇಖನ.

ಡೌನ್ ಮಾಡಿಸುವುದು ಅಂದರೆ ಕಾರಿನ ಮೈಯನ್ನು ನೆಲಕ್ಕೆ ಹತ್ತಿರ ಇಳಿಸುವುದು. ಗಿಡ್ಡ ಸ್ಪ್ರಿಂಗ್ ಹಾಕಿಸಿ ಇಳಿಸಬಹುದು. ಅದಕ್ಕೆ ದುಡ್ಡಿಲ್ಲದವರು ಇರುವ ಕಾಯಿಲ್ ಸ್ಪ್ರಿಂಗನ್ನೇ ಗ್ರೈಂಡರಿನಲ್ಲಿ ಒಂದು ಸುತ್ತು ಕತ್ತರಿಸುತ್ತಾರೆ. ನಮ್ಮ ಹುಡುಗ ಮಾಡಿಸಿದ್ದು ಎರಡನೆಯದು. ಸ್ಪ್ರಿಂಗ್ ಗಿಡ್ಡವಾದರೆ ಮೆತ್ತಗಾಗುತ್ತದೆ ಅಂದುಕೊಂಡವರು ಬಹಳ ಜನ. ಆಗುವುದು ಅದರ ಉಲ್ಟಾ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಹೋದರೆ ಉಳಿದದ್ದು ಶೇ 20ರಷ್ಟು ಗಡಸಾಗುತ್ತದೆ, ಏಕೆಂದರೆ ಅದೇ ಭಾರಕ್ಕೆ ತಿರುಚಿಕೊಳ್ಳಲು ತಂತಿ ಕಡಿಮೆ ಸಿಗುತ್ತದೆ. (ಕಾರಿನ ಎತ್ತರ ಬದಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಕಣ್ಣಿಗೂ ಬೀಳುವ ವಿಷಯ. ಅದನ್ನು ಅವನಿಗೆ ಹೇಳಿದ್ದೇನೆ, ಅವನು ಕೇಳಿಸಿಕೊಂಡಿಲ್ಲ.)

ಡೌನ್ ಮಾಡಿದ ಗಾಡಿ ಟೈರು ತಿಂದರೆ ಎಲ್ಲರೂ ಬೆರಳು ತೋರಿಸುವುದು ಕ್ಯಾಂಬರ್ ಕಡೆಗೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕಾರಿನ ಎದುರು ನಿಂತಾಗ ಚಕ್ರದ ನೆತ್ತಿ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಎರಡು ಡಿಗ್ರಿ ವಾಲಿದೆ, ಟೈರಿನ ಮೆಟ್ಟು, ಅಂದರೆ ನೆಲ ಮುಟ್ಟುವ ಮೈ, 165 ಮಿ.ಮೀ. ಅಗಲ ಇದೆ ಅಂದುಕೊಳ್ಳಿ. ಒಳ ಅಂಚು ನೆಲ ಮುಟ್ಟಿದಾಗ ಹೊರ ಅಂಚು ಸುಮಾರು 6 ಮಿ.ಮೀ. ಮೇಲಿರಬೇಕಾಗುತ್ತದೆ. ರಬ್ಬರು ಬಗ್ಗುವ ವಸ್ತುವಾದ್ದರಿಂದ ಎರಡೂ ಅಂಚು ನೆಲ ಮುಟ್ಟುತ್ತವೆ, ಆದರೆ ಭಾರ ಒಳಗಡೆ ಹೆಚ್ಚು ಬೀಳುತ್ತದೆ. ಹಾಗಾಗಿ ಒಳಗಡೆ ಬೇಗ ಸವೆಯುವುದು ನಿಜ. ಆದರೂ ಚಕ್ರ ಉರುಳುತ್ತಿದೆ, ಜಾರುತ್ತಿಲ್ಲ. ಉರುಳುವ ರಬ್ಬರು ನಿಧಾನ ಸವೆಯುತ್ತದೆ, ಉಜ್ಜಿಕೊಳ್ಳುವ ರಬ್ಬರು ಬೇಗ ಹೋಗುತ್ತದೆ. ಶಾಲೆಯಲ್ಲಿ ರಬ್ಬರಿನಿಂದ ಅಳಿಸಿದ್ದು ನೆನಪಿದ್ದರೆ ಸಾಕು.

ಉಜ್ಜಿಸುವುದು ಟೋ. ಮೇಲಿನಿಂದ ನೋಡಿದಂತೆ ಕಲ್ಪಿಸಿಕೊಳ್ಳಿ: ಎರಡು ಮುಂದಿನ ಚಕ್ರಗಳ ಮೂತಿ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ನಡೆಯುವಾಗ ಎರಡೂ ಪಾದ ಹೊರಕ್ಕೆ ತಿರುಗಿಸಿ ಎಳೆದುಕೊಂಡು ನಡೆದರೆ ಚಪ್ಪಲಿ ಯಾವ ಕಡೆ ಸವೆಯುತ್ತದೋ ಹಾಗೆ. ಚಕ್ರ ಹೊರಕ್ಕೆ ಹೋಗಬೇಕು ಅನ್ನುತ್ತದೆ, ಕಾರು ನೆಟ್ಟಗೆ ಎಳೆದುಕೊಂಡು ಹೋಗುತ್ತದೆ, ಅಂಗೈಯಷ್ಟಗಲ ನೆಲ ಮುಟ್ಟಿದ ರಬ್ಬರು ಪ್ರತಿ ಸುತ್ತಿನಲ್ಲೂ ಅಡ್ಡಕ್ಕೆ ಎಳೆಸಿಕೊಂಡು, ಕೊನೆಗೆ ತಡೆಯಲಾರದೆ ಜಾರುತ್ತದೆ.

ಇದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ. ಅವತ್ತು ನಾನು ಟೈರಿನ ಮೆಟ್ಟಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಕ್ಕೆ ಸವರಿದೆ, ನುಣುಪಾಗಿತ್ತು. ಹೊರಗಿನಿಂದ ಒಳಕ್ಕೆ ಸವರಿದೆ. ಪ್ರತಿ ಗೆರೆಯ ಅಂಚೂ ಗರಗಸದ ಹಲ್ಲಿನ ಹಾಗೆ ಬೆರಳಿಗೆ ಸಿಕ್ಕಿಕೊಂಡಿತು. ಬರೀ ಕ್ಯಾಂಬರಿನಿಂದ ಸವೆದ ಟೈರು ಎರಡೂ ಕಡೆಗೆ ನುಣುಪಾಗಿಯೇ ಇರುತ್ತದೆ. ಹಲ್ಲು ಮೂಡಿದೆ ಅಂದರೆ ಟೋ. ಟೋ-ಔಟ್ ಕೂಡ ಒಳ ಅಂಚನ್ನೇ ತಿನ್ನುವುದರಿಂದ ಡೌನ್ ಗಾಡಿಗಳಲ್ಲಿ ತಪ್ಪೆಲ್ಲ ಕ್ಯಾಂಬರಿನ ತಲೆಗೆ ಬರುತ್ತದೆ.

ಹಾಗಾದರೆ ಹಾಳೆಯಲ್ಲಿ ಟೋ ಹಸಿರು ಬಂದದ್ದು ಹೇಗೆ? ಇದಕ್ಕೆ ಮುಂಗಾಲುಗಳ ರಚನೆ ಸ್ವಲ್ಪ ಗೊತ್ತಿರಬೇಕು. ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಮುಂದೆ ಇರುವುದು ಹೆಚ್ಚಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. 1950ರ ಹೊತ್ತಿಗೆ ಫೋರ್ಡ್ ಕಾರುಗಳಲ್ಲಿ ಬಳಕೆಗೆ ಬಂತು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡನ್ನೂ ಒಂದೇ ಕಂಬವಾಗಿಸಿ, ಆ ಕಂಬಕ್ಕೇ ಚಕ್ರವನ್ನು ಬೋಲ್ಟ್ ಮಾಡಿದ್ದು ಅವನ ಜಾಣತನ. ಸಾಮಾನು ಕಡಿಮೆ, ಜಾಗ ಕಡಿಮೆ, ಖರ್ಚು ಕಡಿಮೆ. ಕೆಳಗೆ ಚಕ್ರವನ್ನು ಹಿಡಿದಿರುವುದು ಲೋಯರ್ ಆರ್ಮ್. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವುದು ಟೈ ರಾಡ್.

ಗುಂಡಿ ಸಿಕ್ಕಾಗ ಚಕ್ರ ಮೇಲೆ ಕೆಳಗೆ ಆಡುತ್ತದಲ್ಲ, ಆಗ ಲೋಯರ್ ಆರ್ಮಿನ ತುದಿ ಒಂದು ಕಮಾನು ಬರೆಯುತ್ತದೆ. ಟೈ ರಾಡಿನ ತುದಿ ಇನ್ನೊಂದು ಕಮಾನು ಬರೆಯುತ್ತದೆ. ಕಂಪನಿಯವರು ತಲೆ ಕೆಡಿಸಿಕೊಂಡು ಈ ಎರಡೂ ಕಮಾನುಗಳು ಕಾರು ಸಾಮಾನ್ಯವಾಗಿ ನಿಲ್ಲುವ ಎತ್ತರದ ಆಸುಪಾಸಿನಲ್ಲಿ ಒಂದರ ಮೇಲೊಂದು ಕೂರುವ ಹಾಗೆ ಮಾಡಿರುತ್ತಾರೆ. ಆ ಪಟ್ಟಿಯೊಳಗೆ ಚಕ್ರ ಎಷ್ಟು ಕುಣಿದರೂ ಟೋ ಹೆಚ್ಚು ಕದಲುವುದಿಲ್ಲ. ಕಾರನ್ನು ಐದು ಸೆಂಟಿಮೀಟರ್ ಇಳಿಸಿದರೆ ನಾವು ಕಮಾನುಗಳು ಬೇರೆಯಾಗುವ ಜಾಗಕ್ಕೆ ಹೋಗಿ ಕೂತಂತೆ. ಅಲ್ಲಿ ಒಂದು ಸೆಂಟಿಮೀಟರ್ ಏರಿಳಿದರೂ ಟೈ ರಾಡು ಚಕ್ರದ ಮೂತಿಯನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಯಾವ ಕಡೆಗೆ ಅನ್ನುವುದು ಟೈ ರಾಡುಗಳನ್ನು ಎಡಬಲಕ್ಕೆ ಸರಿಸುವ ಸ್ಟೀರಿಂಗ್ ರ‍್ಯಾಕು ಆಕ್ಸಲ್ಲಿನ ಮುಂದಿದೆಯೋ ಹಿಂದಿದೆಯೋ, ರಾಡುಗಳ ಉದ್ದ ಎಷ್ಟು ಅನ್ನುವುದರ ಮೇಲೆ ಹೋಗುತ್ತದೆ. ಗುಂಡಿ ಬಂದಾಗೆಲ್ಲ ಸ್ಟೀರಿಂಗ್ ಹಿಡಿದ ಕೈ ಕದಲದಿದ್ದರೂ ಗಾಡಿ ತಾನೇ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ.

ಅದೇ ಇಳಿತಕ್ಕೆ ಕ್ಯಾಂಬರು ಒಂದು ಡಿಗ್ರಿ ಆಸುಪಾಸು ಹೆಚ್ಚು ನೆಗೆಟಿವ್ ಆಗುತ್ತದೆ. ಇನ್ನೊಂದು ವಿಚಿತ್ರ ಉಂಟು. ಕಾರಿನ ಭಾರಕೇಂದ್ರ ಐದು ಸೆಂಟಿಮೀಟರ್ ಇಳಿದರೆ, ತಿರುವಿನಲ್ಲಿ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಸ್ಟ್ರಟ್ ಗಾಡಿಗಳಲ್ಲಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಎರಡರ ನಡುವಿನ ಅಂತರ ಹಿಗ್ಗಿ, ವಾಲಿಸುವ ಸನ್ನೆಗೋಲು ಉದ್ದವಾಗುತ್ತದೆ. ಗಡಸು ಸ್ಪ್ರಿಂಗು ಅದನ್ನು ಮುಚ್ಚಿಡುತ್ತದೆ ಅಷ್ಟೆ. ರೇಸ್ ಕಾರಿನ ಹಾಗೆ ಹಿಡಿಯುತ್ತದೆ ಎಂದು ಹುಡುಗರು ಹೇಳುವ ಮಾತಿನಲ್ಲಿ ಅರ್ಧ ಸ್ಪ್ರಿಂಗಿನದ್ದು, ಅರ್ಧ ಉತ್ಸಾಹದ್ದು.

ಈಗ ಹಾಳೆಗೆ ಬರೋಣ. ಸ್ಪ್ರಿಂಗ್ ಕತ್ತರಿಸಿದ ದಿನ ಅಳಿಯ ಹೆಮ್ಮೆಯಿಂದ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಫೋಟೊ ತೆಗೆದಿದ್ದ: 34 ಸೆಂ.ಮೀ. ನಮ್ಮ ಅಂಗಳದಲ್ಲಿ ಮತ್ತೆ ಅಳೆದೆವು: 32. ಎರಡು ತಿಂಗಳಲ್ಲಿ ಕಾರು ಇನ್ನೂ ಎರಡು ಸೆಂಟಿಮೀಟರ್ ಕುಸಿದಿತ್ತು.

ಕಳ್ಳ ಸಿಕ್ಕಿದ್ದು ಬುಷ್‌ನಲ್ಲಿ. ಲೋಯರ್ ಆರ್ಮ್ ಕಾರಿನ ಮೈಗೆ ಸೇರುವ ಕಡೆ ಇರುವ ರಬ್ಬರ್ ಬುಷ್ ಬೇರಿಂಗಿನ ಹಾಗೆ ಸುತ್ತುವುದಿಲ್ಲ. ಒಳಗಿನ ಲೋಹದ ಕೊಳವೆಗೆ ರಬ್ಬರು ಅಂಟಿರುತ್ತದೆ, ಆರ್ಮ್ ಆಡಿದಾಗ ರಬ್ಬರು ತಿರುಚಿಕೊಳ್ಳುತ್ತದೆ. ಹಾಗಾಗಿ ಬೋಲ್ಟನ್ನು ಕೊನೆಗೆ ಬಿಗಿಯಬೇಕಾದದ್ದು ಕಾರಿನ ಭಾರವೆಲ್ಲ ಚಕ್ರದ ಮೇಲೆ ಇದ್ದಾಗ. ಗಾಡಿ ಲಿಫ್ಟಿನಲ್ಲಿ ನೇತಾಡುವಾಗಲೇ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ತಾನೂ ಒಂದು ಸ್ಪ್ರಿಂಗಿನ ಹಾಗೆ ಕಾರನ್ನು ಎತ್ತಿ ಹಿಡಿಯುತ್ತದೆ. ವಾರಗಳು ಕಳೆದಂತೆ ಸೋತು ಬಿಡುತ್ತದೆ. ಕತ್ತರಿಸಿದ ಸ್ಪ್ರಿಂಗಿನ ತುದಿಯೂ ತನ್ನ ಕೂರುವ ಜಾಗ ಹುಡುಕಿಕೊಂಡು ಒಂದಿಷ್ಟು ಜರುಗುತ್ತದೆ. ಕಂಪ್ಯೂಟರ್ ಅಳೆದದ್ದು 34 ಸೆಂ.ಮೀ. ಕಾರನ್ನು. ಹುಡುಗ ಓಡಿಸಿದ್ದು 32 ಸೆಂ.ಮೀ. ಕಾರನ್ನು.

ಟೋ ಅಳೆಯಲು ಅಂಗಡಿಯ ಕ್ಯಾಮೆರಾ, ಕಂಪ್ಯೂಟರ್ ಬೇಕೇ ಬೇಕು ಅಂತೇನಿಲ್ಲ. ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಪಟ್ಟಿಯನ್ನು ಟೈರಿನ ವ್ಯಾಸದಷ್ಟೇ, 62 ಸೆಂ.ಮೀ. ಉದ್ದಕ್ಕೆ ಎರಡು ತುಂಡು ಮಾಡಿಸಿದೆ. ಮುಂದಿನ ಒಂದೊಂದು ಚಕ್ರದ ಕೆಳಗೂ ಎರಡು ಟೈಲ್ಸ್, ನಡುವೆ ಗ್ರೀಸ್, ಚಕ್ರ ನೆಲಕ್ಕೆ ಕಚ್ಚಿಕೊಳ್ಳದೆ ಸುಮ್ಮನೆ ತಿರುಗಲಿ ಅಂತ. ಹಿಂದಿನ ಚಕ್ರದ ಕೆಳಗೂ ಅಷ್ಟೇ ದಪ್ಪದ ಟೈಲ್ಸ್. ಸ್ಟೀರಿಂಗ್ ನೆಟ್ಟಗೆ ಕಟ್ಟಿ, ಪಟ್ಟಿಗಳನ್ನು ಟೈರಿನ ಮೈಗೆ ಒತ್ತಿ ಹಿಡಿದು, ಕಾರಿನ ಅಡಿಯಲ್ಲಿ ಟೇಪು ಹಾಯಿಸಿ ಪಟ್ಟಿಗಳ ಮುಂದಿನ ತುದಿಗಳ ಅಂತರ, ಹಿಂದಿನ ತುದಿಗಳ ಅಂತರ ಅಳೆದೆವು. ಮುಂದೆ 8 ಮಿ.ಮೀ. ಹೆಚ್ಚು. ಅಳಿಯನನ್ನೂ ಅವನ ಸ್ನೇಹಿತನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿ ಮತ್ತೆ ಅಳೆದಾಗ 10.

ಎಂಟು ಮಿ.ಮೀ. ಅಂದರೆ ಎಷ್ಟು? ಚಕ್ರಕ್ಕೆ ನಾಲ್ಕರಂತೆ, 62 ಸೆಂ.ಮೀ. ಉದ್ದದಲ್ಲಿ. ಕೋನದಲ್ಲಿ ಡಿಗ್ರಿಯ ಮೂರನೇ ಒಂದಕ್ಕಿಂತ ಚೂರು ಹೆಚ್ಚು. ಕಿಲೋಮೀಟರಿಗೆ ಆರೂವರೆ ಮೀಟರ್ ಅಡ್ಡ. ಹೆಬ್ಬಾಳು ಟೋಲ್ ದಾಟಿ, ಭರಮಸಾಗರ ದಾಟಿ ಚಿತ್ರದುರ್ಗ ಮುಟ್ಟುವ ಸುಮಾರು 60 ಕಿಲೋಮೀಟರಿನಲ್ಲಿ ಆ ಚಕ್ರ ಲೆಕ್ಕದ ಪ್ರಕಾರ 390 ಮೀಟರ್ ಅಡ್ಡಕ್ಕೆ ಹೋಗಬೇಕಿತ್ತು, ಹೋಗಲು ಬಿಡದೆ ಎಳೆದುಕೊಂಡು ಹೋಗಿದ್ದಾನೆ. ಆರು ಸಾವಿರ ಕಿಲೋಮೀಟರಿಗೂ ಇದೇ ಟೋ ಇತ್ತು ಅಂದುಕೊಂಡರೆ ಹತ್ತಿರ ಹತ್ತಿರ 39 ಕಿಲೋಮೀಟರ್ ಅಡ್ಡ. ಹರಿಹರಕ್ಕೆ ಹೋಗಿ ಬಂದರೂ ಅಷ್ಟು ದೂರ ಆಗುವುದಿಲ್ಲ. ಅದಕ್ಕೆ ಕ್ಯಾಂಬರು ಒಳ ಅಂಚಿನ ಮೇಲೆ ಭಾರ ಹೇರಿ ಕೈಜೋಡಿಸಿದೆ.

ಎರಡನೇ ಸಲ ಅಲೈನ್‌ಮೆಂಟಿಗೆ ನಾನೂ ಹೋದೆ. ಮೊದಲು ಬುಷ್ ಬೋಲ್ಟುಗಳನ್ನು ಸಡಿಲಿಸಿ, ಕಾರು ನೆಲದ ಮೇಲೆ ನಿಂತಿದ್ದಾಗ ಬಿಗಿಸಿದೆವು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಲ್ಲಿ ಆಟ ಇದೆಯಾ ನೋಡಿಸಿದೆವು, ಏಕೆಂದರೆ ಸಡಿಲ ಕೀಲಿನ ಮೇಲೆ ಅಳತೆ ಮಾಡಿ ಪ್ರಯೋಜನವಿಲ್ಲ. ಗಾಳಿ ಸರಿ ಮಾಡಿಸಿದೆವು. ಆಮೇಲೆ ನಾನು ಡ್ರೈವರ್ ಸೀಟಿನಲ್ಲಿ 25 ಕೆ.ಜಿ.ಯ ಮೂರು ಚೀಲ ಇಟ್ಟೆ. ಅಂಗಡಿ ಹುಡುಗ ನಗುತ್ತ, "ಸಾರ್, ಮಂಡಕ್ಕಿ ಚೀಲಾನಾ?" ಅಂದ. ಅಕ್ಕಿದಪ್ಪಾ, ಮಂಡಕ್ಕಿ ಆದ್ರೆ ಸೀಟು ತುಂಬಿದ್ರೂ ಸ್ಪ್ರಿಂಗಿಗೆ ಗೊತ್ತಾಗಲ್ಲ ಅಂದೆ.

ಕ್ಯಾಮೆರಾ ಅಲೈನ್‌ಮೆಂಟ್ ಯಂತ್ರ ಕೆಟ್ಟದ್ದೇನಲ್ಲ, ಬಹಳ ಚುರುಕು. ನಾಲ್ಕೂ ಚಕ್ರಕ್ಕೆ ಫಲಕ ಸಿಕ್ಕಿಸಿ, ಕಾರನ್ನು ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾರಲ್ಲ, ಅದು ಚಕ್ರದ ಡಿಸ್ಕಿನ (ರಿಮ್ಮಿನ) ಸೊಟ್ಟವನ್ನು ಲೆಕ್ಕದಿಂದ ಕಳೆಯಲು. ಸ್ಟೀರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸುವುದು ಕ್ಯಾಸ್ಟರ್ ತಿಳಿಯಲು, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ಎಷ್ಟು ವಾಲಿದೆ ಅಂತ. ಕ್ಯಾಸ್ಟರನ್ನು ನೇರವಾಗಿ ಅಳೆಯಲು ಬರುವುದಿಲ್ಲ, ಚಕ್ರ ತಿರುಗಿದಾಗ ಕ್ಯಾಂಬರ್ ಎಷ್ಟು ಬದಲಾಯಿತು ಅನ್ನುವುದರಿಂದ ಲೆಕ್ಕ ಹಾಕುತ್ತಾರೆ. ಹಿಂದಿನ ಆಕ್ಸಲ್ ಎತ್ತ ಮುಖ ಮಾಡಿದೆ ಅನ್ನುವುದನ್ನೂ ಹೇಳುತ್ತದೆ. ಆದರೆ ಹಸಿರು ಪಟ್ಟಿ ಕಂಪನಿ ಎತ್ತರದ ಕಾರಿನದು. ಇಳಿಸಿದ ಕಾರಿಗೆ ಕ್ಯಾಂಬರ್ ಕೆಂಪು ಬರುವುದು ಸಹಜ. ನೋಡಬೇಕಾದ್ದು ಎಡ ಬಲ ಸಮ ಇದೆಯೇ ಅಂತ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಇನ್ನೊಂದು ಎಚ್ಚರಿಕೆ: ಕೆಲವು ಪರದೆಗಳು ಡಿಗ್ರಿಯನ್ನು ದಶಮಾಂಶದಲ್ಲಿ ತೋರಿಸುತ್ತವೆ, ಕೆಲವು ಮಿನಿಟಿನಲ್ಲಿ. ಹತ್ತು ಮಿನಿಟು ಅಂದರೆ 0.10 ಅಲ್ಲ, 0.17 ಡಿಗ್ರಿ.

ಕ್ಯಾಂಬರಿಗೆ ಏನೂ ಮಾಡಕ್ಕಾಗಲ್ಲ ಅನ್ನುವ ಮಾತು ಅರ್ಧ ಸತ್ಯ. ಸ್ಟ್ರಟ್ ಗಾಡಿಯಲ್ಲಿ ಕಂಪನಿ ಕೊಟ್ಟ ಅಡ್ಜಸ್ಟ್‌ಮೆಂಟ್ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಸ್ಟ್ರಟ್ ಮತ್ತು ಚಕ್ರವನ್ನು ಹಿಡಿದಿರುವ ನಕಲ್ (knuckle) ಎಂಬ ಭಾಗ ಸೇರುವ ಎರಡು ಬೋಲ್ಟಿನಲ್ಲಿ ಒಂದನ್ನು ತೆಗೆದು, ಮಧ್ಯ ಸೊಟ್ಟ ಇರುವ ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು ಡಿಗ್ರಿಯಷ್ಟನ್ನಾದರೂ ವಾಪಸ್ ತರಬಹುದು. ಜಾಕ್ ಇಟ್ಟು ಸ್ಟ್ರಟ್ ಬಗ್ಗಿಸುವುದನ್ನೂ ಕಂಡಿದ್ದೇನೆ. ನನ್ನ ಗಾಡಿಗೆ ಬಿಡುವುದಿಲ್ಲ. ಕ್ಯಾಂಬರ್ ಮೊದಲು, ಟೋ ಕೊನೆಗೆ ಮಾಡಿಸಬೇಕು, ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತದೆ. ನಾವು ಕ್ಯಾಂಬರನ್ನು ಮೈನಸ್ ಒಂದೂಕಾಲಿಗೆ ನಿಲ್ಲಿಸಿದೆವು. ಪರದೆ ಆಗಲೂ ಕೆಂಪೇ ಇತ್ತು. ಟೋ ಸೊನ್ನೆಗಿಂತ ಒಂದು ಕೂದಲು ಒಳಗೆ, ಅಕ್ಕಿ ಚೀಲ ಕೂತಿದ್ದಂತೆಯೇ.

ಈಗ ನಾಲ್ಕು ಸಾವಿರ ಕಿಲೋಮೀಟರ್ ಓಡಿದೆ. ಭಾನುವಾರ ದೋಸೆ ತಿನ್ನಲು ಬಂದಾಗ ಹುಡುಗ ಮೊದಲು ಟೈರ್ ಸವರಿ, ಆಮೇಲೆ ಕೈ ತೊಳೆಯುತ್ತಾನೆ. ಹಲ್ಲು ಮೂಡಿಲ್ಲ. ನಮ್ಮ ಬೀದಿ ತಿರುವಿನ ರಸ್ತೆ ಉಬ್ಬಿಗೆ ಮಾತ್ರ ಗಾಡಿ ಅಡಿ ಈಗಲೂ ಉಜ್ಜುತ್ತದೆ. ಆ ಸದ್ದು ಕೇಳಿದರೆ ಅಕ್ಕ ಹೆಂಚು ಒಲೆ ಮೇಲಿಡುತ್ತಾಳೆ.