ಗೇರುಗುಡ್ಡದ ಲೆಕ್ಕ ಹೇಳುವ ರ‍್ಯಾಪ್

ಕಾಸರಗೋಡಿನ ಪೆರ್ಲ ಪೇಟೆಯ ಅಂಗಡಿಯೊಂದರ ಹಿಂದಿನ ಕೋಣೆ. ಬಸ್ಸುಗಳ ಸದ್ದು ಒಳಬಾರದಂತೆ ಕಿಟಕಿಗೆ ಹಾಸಿಗೆ ಒರಗಿಸಿದ್ದಾರೆ. ಮೂವರು ಕಾಲೇಜು ಹುಡುಗರು ಮೊಬೈಲಿನಲ್ಲೇ ರ‍್ಯಾಪ್ ಹಾಡೊಂದನ್ನು ಧ್ವನಿಮುದ್ರಿಸುತ್ತಿದ್ದಾರೆ. ಯಾವ ಕಂಪನಿಯ ಹಂಗೂ ಇಲ್ಲ. ಮುಗಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಅವರು ‘ಅಂಡರ್‌ಗ್ರೌಂಡ್’ ಎನ್ನುವುದು ಇದಕ್ಕೇ. ಹಾಡು ಹೆಲಿಕಾಪ್ಟರಿನ ಸದ್ದಿನಿಂದ ಶುರುವಾಗುತ್ತದೆ. ಅದನ್ನು ಚೆಂಡೆಯಲ್ಲಿ ನುಡಿಸಿದ್ದಾರೆ.

ಈ ಹುಡುಗರು ಹುಟ್ಟುವ ಮೊದಲೇ ಆ ಹೆಲಿಕಾಪ್ಟರ್ ನಿಂತಿತ್ತು. 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೆ ಸರ್ಕಾರಿ ಸಂಸ್ಥೆಯಾದ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಕಾಸರಗೋಡಿನ ತನ್ನ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ನೆಪ, ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟ. ವಿಸ್ತಾರ ಸುಮಾರು 4,500 ಹೆಕ್ಟೇರು. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ, ಮನೆಗಳಿರುವುದು ಬುಡದಲ್ಲಿ. ಇಲ್ಲಿನ ಎಣ್ಮಕಜೆ ಪಂಚಾಯತಿನ ಜನ ಕುಡಿಯುವುದು ಅದೇ ಗುಡ್ಡ ಕೊರೆದ ಸುರಂಗದ ನೀರು, ಅಲ್ಲಿಂದಲೇ ಇಳಿದುಬರುವ ತೋಡಿನ ನೀರು. ಮುಂದಿನದನ್ನು ಊಹಿಸಲು ವಿಜ್ಞಾನಿಯೇ ಬೇಕಾಗಿರಲಿಲ್ಲ. ಕಾಲು ಸೊಟ್ಟಗಾದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಆಗಲೇ ಬರೆದಿದ್ದರು.

ರ‍್ಯಾಪ್‌ಗೆ ನೆಲೆಯಾದ ಹಿಪ್ ಹಾಪ್‌ನ ಹುಟ್ಟನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ನಡೆದ ಕುಣಿತದ ಕೂಟಕ್ಕೆ ಲೆಕ್ಕ ಹಾಕುತ್ತಾರೆ. ಕೇರಿಯ ಬಡತನವನ್ನು ನೇರವಾಗಿ ಆಡಿದ ‘ದಿ ಮೆಸೇಜ್’ ಎಂಬ ರ‍್ಯಾಪ್ ಹಾಡು ಬಂದುದು 1982ರಲ್ಲಿ. ಅದೇ ವರ್ಷ ಎಣ್ಮಕಜೆಯ ಪಡ್ರೆ ಗ್ರಾಮದ ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನಕುಮಾರ್ ವೈದ್ಯವೃತ್ತಿ ಆರಂಭಿಸಿದರು. ಒಂದೇ ಊರಿನಲ್ಲಿ ಇಷ್ಟು ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್ ಏಕೆ ಎಂದು ಅವರು ವರ್ಷಗಟ್ಟಲೆ ಕೇಳಿದರು. ಉತ್ತರಿಸಬೇಕಾದವರು ಕಿವಿಗೊಡಲಿಲ್ಲ. ಆ ಮನೆಗಳಲ್ಲಿ ನೋವು ಹೇಳಿಕೊಂಡದ್ದು ಕನ್ನಡದಲ್ಲಿ, ತುಳುವಿನಲ್ಲಿ. ಕಡತ ಸಾಗಿದ್ದು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಈ ಹಾಡು ನನಗೆ ದೊಡ್ಡದಾಗಿ ಕಾಣುವುದು ಅದಕ್ಕೇ. ತಾಯಂದಿರು ಅತ್ತ ಭಾಷೆಯಲ್ಲೇ ಅದು ಲೆಕ್ಕ ಕೇಳುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಯುದ್ಧ ಮಾಡುವ ತಾಳಮದ್ದಳೆಯ ನೆಲವಿದು. ರ‍್ಯಾಪ್ ಈ ಹುಡುಗರ ನಾಲಿಗೆಗೆ ಸಲೀಸಾಗಿ ಒಗ್ಗಿದೆ.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕ ಹೀಗಿತ್ತು: ಸಂತ್ರಸ್ತರು 3,704, ಹಣ ಸಿಕ್ಕಿದ್ದು 8 ಮಂದಿಗೆ. ಆ ಎಂಟೂ ಮಂದಿ ಮತ್ತೆ ಕೋರ್ಟಿನ ಮೆಟ್ಟಿಲೇರಿದವರು.

ಕೊನೆಯ ಚರಣ ಈ ಅಂಕಿಗಳದೇ. “ಮಾಸ್ತರೇ, ಎಂಟಕ್ಕೆ ಪ್ರಾಸ ಎಷ್ಟು ಬೇಕಾದರೂ ಉಂಟು,” ಎಂದ ಹಾಡುವ ಹುಡುಗ. ಗಂಟು, ನಂಟು, ಕಗ್ಗಂಟು ಎಂದು ಪುಸ್ತಕದಲ್ಲಿ ಬರೆದಿದ್ದ. ಎಲ್ಲವನ್ನೂ ಹೊಡೆದುಹಾಕಿದ್ದ. ಧ್ವನಿಮುದ್ರಣ ಶುರುವಾಯಿತು. ‘ಎಂಟು’ ಎಂದು ನಿಲ್ಲಿಸಿ, ಕೋಲು ಎತ್ತಬೇಡ ಎಂದು ಚೆಂಡೆಯವನಿಗೆ ಕೈಸನ್ನೆ ಮಾಡಿದ.